ಮಾರ್ಕ್ಸ್ ಕಾರ್ಡಿಗೆ ಹಚ್ಚಿದ ಅರಿಶಿನ

ಮೊಮ್ಮಗಳ ಮಾರ್ಕ್ಸ್ ಕಾರ್ಡಿನ ನಾಲ್ಕು ಮೂಲೆಗೂ ಅರಿಶಿನ ಕುಂಕುಮ ಹಚ್ಚಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಇನ್ಯಾರದೋ ಬಾಯಿಂದ ಗೊತ್ತಾಗುವುದು ಬೇಡ. ನಮ್ಮ ಮನೆಗೆ ಯಾವ ಹೊಸ ಕಾಗದ ಬಂದರೂ ಹಾಗೆ ಮಾಡುವುದು ರೂಢಿ. ಲಗ್ನಪತ್ರಿಕೆಯಾಗಲಿ, ಗಾಡಿಯ ಕಾಗದವಾಗಲಿ, ಮನೆ ಕಂದಾಯದ ರಸೀದಿಯೇ ಆಗಲಿ, ಮೂಲೆಗಳಿಗೆ ಒದ್ದೆ ಅರಿಶಿನ, ಅದರ ಮೇಲೊಂದು ಬೊಟ್ಟು ಕುಂಕುಮ, ದೇವರ ಗೂಡಿನಲ್ಲಿ ಒಂದು ದಿನ. ನನ್ನ ಅತ್ತೆ ಹಾಗೆ ಮಾಡುತ್ತಿದ್ದರು, ನಾನೂ ಮಾಡಿಕೊಂಡು ಬಂದೆ. ಯಾಕೆಂದು ನಾನು ಅವರನ್ನು ಕೇಳಿರಲಿಲ್ಲ, ನನ್ನನ್ನೂ ಯಾರೂ ಕೇಳಿರಲಿಲ್ಲ.

ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಕನ್ನಡ ಓದುತ್ತೇನೆ, ನಿಧಾನಕ್ಕೆ ಬರೆಯುತ್ತೇನೆ. ಯಲಹಂಕದ ಪಕ್ಕದ ಕೋಗಿಲಿನಲ್ಲಿ, ಹಳೇ ಊರಿನ ಬೀದಿಯಲ್ಲಿ ನಮ್ಮ ಮನೆ. ಮುಂದಿನ ಕೋಣೆಯಲ್ಲಿ ದೋಸೆ ಹಿಟ್ಟು ರುಬ್ಬಿ ಸುತ್ತಲಿನ ಅಪಾರ್ಟ್‌ಮೆಂಟಿನವರಿಗೆ ಮಾರುತ್ತೇನೆ. ಮಗಳು ಗಾರ್ಮೆಂಟ್ಸಿಗೆ ಹೋಗುತ್ತಾಳೆ, ಅಳಿಯ ಯಶವಂತಪುರದ ಮಾರುಕಟ್ಟೆಯಲ್ಲಿ ಲೋಡಿಂಗ್ ಕೆಲಸ ಮಾಡುತ್ತಾನೆ. ಅವರ ಒಬ್ಬಳೇ ಮಗಳು ಪಿಯುಸಿಯಲ್ಲಿ ಗಣಿತಕ್ಕೆ ನೂರಕ್ಕೆ ನೂರು ತಂದಳು. ಮುಂದೆಯೂ ಗಣಿತವೇ ಓದುತ್ತೇನೆಂದು ಹಟ. ವರ್ಷಗಟ್ಟಲೆ ಕೂತು ಓದುವಂಥದ್ದು ಲೆಕ್ಕದಲ್ಲಿ ಏನಿದೆಯೋ ನನಗೆ ಇವತ್ತಿಗೂ ತಿಳಿಯದು. ಆದರೆ ಅವಳು ಲೆಕ್ಕ ಮಾಡಲು ಕೂತರೆ ಊಟಕ್ಕೆ ಕರೆದದ್ದೂ ಕೇಳುತ್ತಿರಲಿಲ್ಲ. ಅಷ್ಟು ನಾನು ನೋಡಿದ್ದೆ.

ಸೋಲದೇವನಹಳ್ಳಿ ಆಚೆ ಒಂದು ಖಾಸಗಿ ವಿಶ್ವವಿದ್ಯಾಲಯವಿದೆ. ಒಳ್ಳೆ ಅಂಕ ತಂದ ಕೆಲವರಿಗೆ ಅಲ್ಲಿ ಪೂರ್ತಿ ಫೀಸು ಬಿಡುವ ಸ್ಕಾಲರ್‌ಶಿಪ್ ಕೊಡುತ್ತಾರೆ. ಇವಳು ಫೋನಿನಲ್ಲೇ ಅರ್ಜಿ ತುಂಬಿದಳು. ಮೊದಲ ಪಟ್ಟಿಯಲ್ಲಿ ಹೆಸರೂ ಬಂತು. ಸೋಮವಾರ ಹತ್ತು ಗಂಟೆಗೆ ಮೂಲ ಮಾರ್ಕ್ಸ್ ಕಾರ್ಡು ತೋರಿಸಬೇಕು, ಮಧ್ಯಾಹ್ನ ಮೇಷ್ಟ್ರುಗಳ ಮುಂದೆ ಕೂತು ಮಾತಾಡಬೇಕು. ಅವತ್ತು ತೋರಿಸಲಾಗದವರ ಜಾಗ ಪಟ್ಟಿಯಲ್ಲಿ ಕೆಳಗಿರುವವರಿಗೆ ಹೋಗುತ್ತದೆ. ಹಿಂದೆ ಯಾರೋ ಸುಳ್ಳು ಕಾರ್ಡು ತಂದಿದ್ದರಂತೆ. ಅದಕ್ಕೇ ಆನ್‌ಲೈನ್ ಪ್ರತಿ ಅಲ್ಲಿ ನಡೆಯುವುದಿಲ್ಲ.

ಅಳಿಯನದು ಒಂದೇ ಮಾತಾಗಿತ್ತು. ಪೂರ್ತಿ ಫೀಸು ಬಿಟ್ಟರೆ ಓದಲಿ, ಇಲ್ಲವಾದರೆ ಕೆಲಸಕ್ಕೆ ಹೋಗಲಿ. ಹೆಬ್ಬಾಳದ ಹತ್ತಿರ ಕೊರಿಯರ್ ಗೋಡೌನಿನಲ್ಲಿ ಪ್ಯಾಕಿಂಗ್ ಕೆಲಸ ಆಗಲೇ ನೋಡಿಟ್ಟಿದ್ದ. ಅವನು ಕೆಟ್ಟವನಲ್ಲ. ಅವನ ಬೆನ್ನು ಇನ್ನೆಷ್ಟು ವರ್ಷ ಮೂಟೆ ಹೊರುತ್ತದೋ ಅವನಿಗೇ ಗೊತ್ತಿಲ್ಲ, ಅಷ್ಟೇ.

ಕಾರ್ಡನ್ನು ಅವಳು ಯಲಹಂಕದ ತನ್ನ ಕಾಲೇಜಿನಿಂದ ಗುರುವಾರ ತಂದಳು. "ಜೋಪಾನ ಅಜ್ಜಿ" ಎಂದು ನನ್ನ ಕೈಗೇ ಕೊಟ್ಟಳು. ನಮ್ಮ ಮನೆಯಲ್ಲಿ ಯಾರೂ ಕೈಹಾಕದ ಜಾಗ ದೇವರ ಗೂಡೊಂದೇ. ಶುಕ್ರವಾರ ಸ್ನಾನ ಮಾಡಿ, ಬಟ್ಟಲಲ್ಲಿ ಅರಿಶಿನ ಕಲೆಸಿ ಹಚ್ಚಿದೆ. ಮೂರು ಮೂಲೆ ಖಾಲಿ ಇದ್ದವು. ನಾಲ್ಕನೆಯದರಲ್ಲಿ ಕಪ್ಪು ಚುಕ್ಕಿಗಳ ಚೌಕವಿತ್ತು, ಅಂಗಡಿಯಲ್ಲಿ ದುಡ್ಡು ಹಾಕಲು ಫೋನು ಹಿಡಿಯುತ್ತಾರಲ್ಲ, ಅಂಥದ್ದು. ಅಲ್ಲಿ ಒಂದಿಷ್ಟು ಜಾಸ್ತಿಯೇ ಹಚ್ಚಿದೆ. ನೂರಕ್ಕೆ ನೂರು ತಂದಿದ್ದಾಳಲ್ಲ ಎಂದು.

ಶನಿವಾರ ಬೆಳಗ್ಗೆ ಜೆರಾಕ್ಸ್ ಮಾಡಿಸಲು ಕಾರ್ಡು ತೆಗೆದವಳು ಗೂಡಿನ ಮುಂದೆಯೇ ನಿಂತುಬಿಟ್ಟಳು.

"ಅಜ್ಜೀ, ಏನಿದು?"

"ಅರಿಶಿನ ಕುಂಕುಮ."

"ಅದು ಕಾಣ್ತಿದೆ. ಕ್ಯೂಆರ್ ಕೋಡ್ ಮೇಲೆ ಯಾಕೆ ಹಚ್ಚಿದೆ?"

"ಮೂಲೇಗಲ್ವಾ ಅಚ್ಚೋದು. ಮೂಲೇಲಿ ಅದಿತ್ತು."

ಫೋನು ತಂದು ಹಿಡಿದಳು. ಏನೂ ಬರಲಿಲ್ಲ. ಕಿಟಕಿ ಹತ್ತಿರ, ಬಾಗಿಲ ಹತ್ತಿರ, ಓರೆ ಮಾಡಿ, ನೆಟ್ಟಗೆ ಮಾಡಿ, ಹೇಗೆ ಹಿಡಿದರೂ ಬರಲಿಲ್ಲ. ನನಗೆ ರೇಗಿತು.

"ನನ್ನ ಅಂಗಡಿ ಬೋರ್ಡಿಗೂ ಶುಕ್ರವಾರ ಶುಕ್ರವಾರ ಇಡ್ತೀನಲ್ಲ, ಅದಕ್ಕೇನ್ ರೋಗ ಬಂದೈತೆ? ಎಲ್ರಿಗೂ ಸ್ಕ್ಯಾನ್ ಆಗ್ತೈತೆ."

"ಅದು ಪ್ಲಾಸ್ಟಿಕ್ ಅಜ್ಜಿ, ಒರೆಸಿದ್ರೆ ಹೋಗತ್ತೆ. ಇದು ಪೇಪರ್. ಒಳಗೆ ಇಳಿದುಬಿಟ್ಟಿದೆ. ಸೋಮವಾರ ಅಲ್ಲಿ ಸ್ಕ್ಯಾನ್ ಮಾಡೋದು ಇದನ್ನೇ."

ಅವಳು ಕಿರುಚಲಿಲ್ಲ. ಕಿರುಚಿದ್ದರೆ ನಾನೂ ಕಿರುಚಿ ಮುಗಿಸುತ್ತಿದ್ದೆ. ಕಾರ್ಡು ಹಿಡಿದುಕೊಂಡೇ ಕುರ್ಚಿಯ ತುದಿಯಲ್ಲಿ ಕೂತಳು. ಕೆಲಸಕ್ಕೆ ಹೊರಟಿದ್ದ ಅಳಿಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ.

"ಬಿಡಿ ಅತ್ತೆ, ದೇವ್ರೇ ಬೇಡ ಅಂದಂಗಾಯ್ತು. ಗೋಡೌನ್‌ನೋರಿಗೆ ಯೋಳ್ತೀನಿ."

"ದೇವ್ರನ್ನ ಯಾಕಪ್ಪಾ ಎಳೀತೀಯ? ಅಚ್ಚಿದ್ದು ನಾನು."

ಅರಿಶಿನದ ಕಲೆ ಬಿಸಿಲಿಗೆ ಹೋಗುತ್ತದೆ. ಬಟ್ಟೆ ಒಗೆದವರಿಗೆಲ್ಲ ಗೊತ್ತಿರುವ ಸಂಗತಿ. ಒಂದು ಹಳೇ ಫೋಟೋದ ಗಾಜು ಬಿಚ್ಚಿ, ಕಾರ್ಡನ್ನು ಅದರ ಕೆಳಗಿಟ್ಟು, ಮಾಳಿಗೆಯ ಮೇಲೆ ಬಿಸಿಲಿಗೆ ಇಟ್ಟೆವು. ನಾನು ಪಕ್ಕದಲ್ಲೇ ಕೂತೆ. ಕೂತೆ ಎನ್ನುವುದು ಸುಳ್ಳು. ಐದು ನಿಮಿಷಕ್ಕೊಮ್ಮೆ ಎದ್ದು ಗಾಜು ಎತ್ತಿ ನೋಡುವುದು, ಮೋಡ ಬಂತೇ ಎಂದು ಮೇಲೆ ನೋಡುವುದು, ಕೆಳಗಿಳಿದು ಗ್ರೈಂಡರ್ ನೋಡಿ ಮತ್ತೆ ಹತ್ತುವುದು. ಮೊಮ್ಮಗಳು "ಅಜ್ಜಿ, ನೋಡ್ತಾ ಇದ್ರೆ ಬೇಗ ಹೋಗಲ್ಲ" ಎಂದಳು. ಅವಳೇ ನನ್ನ ಹಿಂದೆ ನಿಂತು ನೋಡುತ್ತಿದ್ದಳು.

ಸಂಜೆಗೆ ಹಳದಿ ಅರ್ಧ ಇಳಿದಿತ್ತು. ಕುಂಕುಮ ಹಾಗೇ ಇತ್ತು. ಭಾನುವಾರ ಇನ್ನೊಂದು ದಿನ ಬಿಸಿಲಿಗಿಟ್ಟು ನೋಡೋಣ, ಅಲ್ಲಿವರೆಗೂ ಮುಟ್ಟಬೇಡ ಎಂದಳು. ಹೂಂ ಎಂದೆ.

ಭಾನುವಾರ ಬೆಳಗ್ಗೆ ಅವಳು ಸ್ನಾನಕ್ಕೆ ಹೋದಾಗ ಮುಟ್ಟಿದೆ. ಹತ್ತಿಯ ಚೂರನ್ನು ಪಾತ್ರೆ ಸೋಪಿನ ನೀರಿಗೆ ಅದ್ದಿ ಆ ಚೌಕದ ಮೇಲೆ ಮೆಲ್ಲಗೆ ಒತ್ತಿದೆ. ಅರಿಶಿನಕ್ಕೆ ಸೋಪು ತಾಗಿದರೆ ಕೆಂಪಾಗುತ್ತದೆಂದು ನನಗೆ ಗೊತ್ತಿಲ್ಲವೇ? ಐವತ್ತು ವರ್ಷದಿಂದ ಬಟ್ಟೆ ಒಗೆಯುತ್ತಿದ್ದೇನೆ. ಗೊತ್ತಿದ್ದೂ ಒತ್ತಿದೆ. ಕೈ ಸುಮ್ಮನಿರಲಿಲ್ಲ, ಅದಕ್ಕಿಂತ ದೊಡ್ಡ ಕಾರಣವೇನೂ ಇಲ್ಲ. ಉಳಿದಿದ್ದ ಹಳದಿಯೆಲ್ಲ ರಕ್ತ ಒರೆಸಿದ ಹಾಗೆ ಕೆಂಪಾಯಿತು. ಕಪ್ಪು ಚುಕ್ಕಿಗಳೂ ಅಲ್ಲಲ್ಲಿ ಕದಡಿದವು.

ಅವಳು ತಲೆಗೆ ಟವೆಲ್ ಸುತ್ತಿಕೊಂಡು ಬಂದವಳೇ ನೋಡಿದಳು.

"ಸೋಪ್ ಹಾಕಿದ್ಯಾ?"

"ಇಲ್ಲ."

"ಅಜ್ಜಿ, ಇದನ್ನ ಶಾಲೇಲಿ ಮಾಡಿಸ್ತಾರೆ. ಅರಿಶಿನದ ಪೇಪರ್ ಸೋಪ್ ನೀರಿಗೆ ಹಾಕಿದ್ರೆ ಕೆಂಪಾಗತ್ತೆ."

"ಆಕಿಲ್ಲ ಅಂದ್ನಲ್ಲ. ಬಿಸಿಲಿಗೆ ಅಂಗಾಗಿರಬೇಕು."

ಅವಳು ಕಾರ್ಡನ್ನು ಪುಸ್ತಕದೊಳಗಿಟ್ಟು ಬ್ಯಾಗಿಗೆ ಹಾಕಿ ಜಿಪ್ಪು ಎಳೆದಳು. ಜಿಪ್ಪು ಎಳೆದ ಸದ್ದು ನನಗೆ ಇನ್ನೂ ಕಿವಿಯಲ್ಲಿದೆ. ಅವತ್ತು ಹಿಟ್ಟಿಗೆ ಎರಡು ಸಲ ಉಪ್ಪು ಹಾಕಿದೆ. ಅಪಾರ್ಟ್‌ಮೆಂಟಿನ ಒಬ್ಬಾಕೆ ತಂದು ವಾಪಸ್ ಕೊಟ್ಟು, "ಏನಜ್ಜಿ, ಸಮುದ್ರದ ನೀರಲ್ಲಿ ರುಬ್ಬಿದ್ರಾ?" ಎಂದಳು. ಬೇರೆ ದಿನವಾಗಿದ್ದರೆ ಅವಳಿಗೆ ಸರಿಯಾಗಿ ಉತ್ತರ ಕೊಡುತ್ತಿದ್ದೆ.

ಸೋಮವಾರ ಮಗಳಿಗೆ ರಜೆ ಸಿಗಲಿಲ್ಲ. ನಾನೇ ಹೊರಟೆ. ಯಲಹಂಕದಲ್ಲಿ ಒಂದು ಬಸ್ಸು ಬದಲಿಸಿ, ಜಾಲಹಳ್ಳಿ ಕಡೆ ಇನ್ನೊಂದು. ದಾರಿಯುದ್ದಕ್ಕೂ ಅವಳು ಕಿಟಕಿಯ ಆಚೆ ನೋಡುತ್ತಿದ್ದಳು. ನಾನು ಅವಳ ಬ್ಯಾಗನ್ನು ನೋಡುತ್ತಿದ್ದೆ.

ಅಲ್ಲಿ ದೊಡ್ಡ ಗಾಜಿನ ಕಟ್ಟಡ. ಒಳಗೆ ಮಕ್ಕಳು, ಅಪ್ಪ ಅಮ್ಮಂದಿರು, ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಫೈಲು. ಟೋಕನ್ ಕೊಟ್ಟು ಸಾಲಿನಲ್ಲಿ ಕೂರಿಸಿದರು. ನಮ್ಮ ಸರದಿ ಬಂದಾಗ ಮೇಜಿನ ಹಿಂದಿದ್ದ ಹೆಂಗಸು ಕಾರ್ಡಿನ ಮೇಲೆ ಯಂತ್ರ ಹಿಡಿದಳು. ಎಲ್ಲರಿಗೂ ಟಣ್ ಎನ್ನುತ್ತಿದ್ದ ಯಂತ್ರ ನಮಗೆ ಮಾತಾಡಲಿಲ್ಲ. ಮತ್ತೆ ಹಿಡಿದಳು. ಆಮೇಲೆ ಕಾರ್ಡನ್ನು ಮೂಗಿನ ಹತ್ತಿರ ತಂದು ನೋಡಿದಳು.

"ಏನಮ್ಮಾ ಇದು, ಡ್ಯಾಮೇಜ್ ಆಗಿದೆಯಲ್ಲ. ಇದು ನಡೆಯಲ್ಲ."

"ಅಂಕ ಎಲ್ಲ ನೆಟ್ಟಗೆ ಕಾಣ್ತದಲ್ಲಮ್ಮ" ಎಂದೆ. "ಕಣ್ಣಲ್ಲಿ ಓದ್ಕೊಳ್ಳಿ."

"ಸ್ಕ್ಯಾನ್ ಆದ್ರೆ ಮಾತ್ರ ಮುಂದಿನ ಪೇಜ್ ಓಪನ್ ಆಗೋದು ಅಜ್ಜಿ. ನನ್ನ ಕೈಲಿಲ್ಲ."

"ಯಾರ ಕೈಲೈತೆ? ಅವರನ್ನ ಕರೀರಿ."

ಹಿಂದಿನಿಂದ ಯಾರೋ ಒಬ್ಬರು, "ಅಜ್ಜಿ, ಸ್ವಲ್ಪ ಸೈಡಿಗೆ ಬನ್ನಿ, ನಮ್ದೂ ಇದೆ" ಎಂದರು.

"ನಿಮ್ದು ಸ್ಕ್ಯಾನ್ ಆಗ್ತೈತೆ ಸ್ವಾಮಿ. ನಿಮಗ್ಯಾಕೆ ಆತುರ?"

ಮೊಮ್ಮಗಳು ನನ್ನ ಸೆರಗು ಎಳೆದಳು.

ಕೊನೆಗೆ ಮೇಲಿನ ಅಧಿಕಾರಿಯೊಬ್ಬರು ಬಂದರು. ವಯಸ್ಸಾದವರು, ಮಾತು ಕಡಿಮೆ. ಕಾರ್ಡು ನೋಡಿದರು, ಹುಡುಗಿಯನ್ನು ನೋಡಿದರು, ನನ್ನನ್ನು ನೋಡಿದರು. ಅವಳ ಪಿಯು ಕಾಲೇಜಿನ ಪ್ರಿನ್ಸಿಪಾಲರು ಅಂಕ ಇಷ್ಟೆಂದು ಬರೆದು, ಕಾರ್ಡು ಹೇಗೆ ಹಾಳಾಯಿತೆಂಬ ಕಾರಣದ ಅರ್ಜಿ ಸೇರಿಸಿ, ಬದಲಿ ಕಾರ್ಡಿಗೆ ಅರ್ಜಿ ಹಾಕಿದ ರಸೀದಿಯನ್ನೂ ಇಟ್ಟು, ಸಹಿ ಸೀಲು ಹಾಕಿ ಕೊಟ್ಟರೆ ಸದ್ಯಕ್ಕೆ ಹೆಸರು ಉಳಿಸುತ್ತೇವೆ ಎಂದರು. ನಾಲ್ಕು ಗಂಟೆಯೊಳಗೆ ಬರಬೇಕು. ಹುಡುಗಿ ಆಚೆ ಹೋಗುವ ಹಾಗಿಲ್ಲ, ಮಾತುಕತೆಗೆ ಯಾವ ಹೊತ್ತಿಗಾದರೂ ಕರೆಯಬಹುದು.

"ಅಮ್ಮಂಗೆ ಫೋನ್ ಮಾಡ್ಲಾ?" ಎಂದಳು.

"ಅವಳು ಮೆಶಿನ್ ಮುಂದೆ ಕೂತವ್ಳೆ, ಫೋನ್ ಎಲ್ಲಿ ಎತ್ತಾಳೆ? ನಾನೇ ಓಗ್ತೀನಿ. ಕಾರ್ಡ್ ಕೊಡು."

ಅವಳು ಒಂದು ಗಳಿಗೆ ಕೈ ಬಿಡಲಿಲ್ಲ. ಆ ಕಾರ್ಡನ್ನು ಮತ್ತೆ ನನ್ನ ಕೈಗೆ ಕೊಡಬೇಕಲ್ಲ. ಆಮೇಲೆ ಕೊಟ್ಟಳು, ಪುಸ್ತಕದ ಸಮೇತ.

ಬಸ್ಸಿನಲ್ಲಿ ಸೀಟಿತ್ತು. ಕೂರಲಾಗಲಿಲ್ಲ. ಕಂಬಿ ಹಿಡಿದು ನಿಂತೆ, ಮುಂದೆ ಹೋದೆ, ಮತ್ತೆ ಹಿಂದೆ ಬಂದೆ. ಕಂಡಕ್ಟರ್ ನೋಡಿ ನೋಡಿ, "ಅಜ್ಜಿ, ಕೂತ್ಕೊಳ್ಳಿ, ಅಷ್ಟೊಂದು ಸೀಟ್ ಖಾಲಿ ಇದೆ" ಎಂದ.

"ಕೂತ್ರೆ ಬಸ್ ಬೇಗ ಓಗ್ತದಾ?"

"ನಿಂತ್ರೂ ಹೋಗಲ್ಲ ಅಜ್ಜಿ."

ಅದೂ ಸರಿಯೇ. ಆದರೂ ಕೂರಲಿಲ್ಲ. ಸಿಗ್ನಲ್ಲಿನಲ್ಲಿ ಬಸ್ಸು ನಿಂತರೆ ನನ್ನ ಕಾಲು ತಾನಾಗಿ ನೆಲ ಒತ್ತುತ್ತಿತ್ತು, ನಾನೇ ತಳ್ಳುತ್ತಿರುವ ಹಾಗೆ.

ಯಲಹಂಕದ ಕಾಲೇಜು ಮುಟ್ಟಿದಾಗ ಹನ್ನೆರಡೂವರೆ. ಆಫೀಸಿನ ಗುಮಾಸ್ತರು ಊಟದ ಡಬ್ಬಿ ಬಿಚ್ಚುವುದರಲ್ಲಿದ್ದರು. ನಾನು ಕಾರ್ಡನ್ನು ಡಬ್ಬಿಯ ಪಕ್ಕದಲ್ಲೇ ಇಟ್ಟು ಎಲ್ಲ ಹೇಳಿದೆ. ಅವರು ಡಬ್ಬಿ ಮುಚ್ಚಿದರು. ಒಳ್ಳೆಯವರು. ಬದಲಿ ಕಾರ್ಡಿನ ಅರ್ಜಿಯನ್ನು ಕಂಪ್ಯೂಟರಿನಲ್ಲಿ ಹಾಕಿ ರಸೀದಿ ತೆಗೆದರು. ಆಮೇಲೆ ನನ್ನ ಮುಂದೆ ಒಂದು ಬಿಳಿ ಹಾಳೆ, ಪೆನ್ನು ಇಟ್ಟರು.

"ಹಾಳಾದ ಕಾರಣ ಬರೆದು ಸಹಿ ಹಾಕಿ. ಹುಡುಗಿ ಇಲ್ವಲ್ಲ, ನೀವೇ ಬರೀಬೇಕು."

"ಏನಂತ ಬರೀಲಿ?"

"ಮಳೇಲಿ ನೆನೀತು ಅಂತ ಬರ್ದುಬಿಡಿ ಅಜ್ಜಿ. ಎಲ್ಲಾರೂ ಅದನ್ನೇ ಬರೆಯೋದು. ಯಾರೂ ಕೇಳಲ್ಲ."

ಪೆನ್ನು ಹಿಡಿದೆ. ಮಳೆ ಎಂದು ಬರೆಯುವುದು ಸುಲಭ, ಎರಡೇ ಅಕ್ಷರ. ಆದರೆ ಯಾವ ಮಳೆ ಬಂದು ನಾಲ್ಕು ಮೂಲೆಗೆ ಮಾತ್ರ ಬೊಟ್ಟು ಇಟ್ಟು ಹೋಗುತ್ತದೆ? ಕಣ್ಣಿರುವ ಯಾರಿಗಾದರೂ ಗೊತ್ತಾಗುತ್ತದೆ. ಇನ್ನೊಂದೂ ಇತ್ತು. ಮಳೆಯಲ್ಲಿ ನೆನೆಯಿತು ಎಂದರೆ ಕಾರ್ಡನ್ನು ಜೋಪಾನ ಮಾಡದವಳು ಹುಡುಗಿ ಎಂದಾಗುತ್ತದೆ. ಅವಳು ಜೋಪಾನ ಮಾಡೆಂದು ನನ್ನ ಕೈಗೆ ಕೊಟ್ಟಿದ್ದಳು.

ಒಂದೊಂದೇ ಅಕ್ಷರ ಬರೆದೆ. ಗೋಡೆಯ ಗಡಿಯಾರ ತಲೆಯ ಮೇಲೆಯೇ ಇತ್ತು, ನೋಡಲಿಲ್ಲ. ಬರೆದದ್ದು ಇಷ್ಟು:

"ನಾನು ಹುಡುಗಿಯ ಅಜ್ಜಿ. ಕಾರ್ಡಿಗೆ ಅರಿಶಿನ ಕುಂಕುಮ ಹಚ್ಚಿದ್ದು ನಾನು. ಹಚ್ಚಿದರೆ ಸ್ಕ್ಯಾನ್ ಆಗುವುದಿಲ್ಲ ಎಂದು ಗೊತ್ತಿರಲಿಲ್ಲ. ಮುಟ್ಟಬೇಡ ಎಂದು ಹುಡುಗಿ ಹೇಳಿದ ಮೇಲೂ ಸೋಪು ಹಾಕಿ ಒರೆಸಿದೆ. ಅದರಿಂದ ಕೆಂಪಾಯಿತು. ಕೇಳಿದಾಗ ಇಲ್ಲ ಎಂದೆ. ಹುಡುಗಿಯದು ಏನೂ ತಪ್ಪಿಲ್ಲ. ಅಂಕ ಅವಳದ್ದೇ."

"ಕೊನೇಲಿ ಇತಿ ತಮ್ಮ ವಿಶ್ವಾಸಿ ಅಂತ ಹಾಕಿ" ಎಂದರು ಗುಮಾಸ್ತರು.

"ಅವರು ಸೀಟ್ ಕೊಡ್ಲಿ, ಆಮೇಲೆ ವಿಶ್ವಾಸ" ಎಂದೆ. ಬರೀ ಸಹಿ ಹಾಕಿದೆ.

ಪ್ರಿನ್ಸಿಪಾಲರು ಹೆಂಗಸು. ನನ್ನ ಹಾಳೆಯನ್ನು ಎರಡು ಸಲ ಓದಿದರು. ನಗು ತಡೆದುಕೊಂಡದ್ದು ಕಂಡಿತು.

"ನನ್ನ ಮಗನ ಪಾಸ್‌ಪೋರ್ಟ್‌ಗೆ ನಮ್ಮತ್ತೆ ಹೀಗೇ ಹಚ್ಚಿದ್ರು ಕಣಮ್ಮ. ಅದೂ ಫೋಟೋ ಮೇಲೆ, ಹಣೆಗೆ."

"ಆಮೇಲೆ?"

"ಆಮೇಲೇನು, ಹೊಸದು ಮಾಡಿಸಿದ್ವಿ. ಅತ್ತೆಗೆ ಯಾರು ಹೇಳೋರು?"

ಪತ್ರ ಟೈಪಾಯಿತು. ಪ್ರಿಂಟರಿನಲ್ಲಿ ಹಾಳೆ ಸಿಕ್ಕಿಕೊಂಡಿತು. ಎಳೆದು ತೆಗೆದರು, ಮತ್ತೆ ಸಿಕ್ಕಿಕೊಂಡಿತು. ನಾನು ಬಾಗಿಲಿಂದ ಮೇಜಿಗೆ, ಮೇಜಿಂದ ಬಾಗಿಲಿಗೆ ಓಡಾಡಿದೆ. ಸೀಲು ಬಿದ್ದಾಗ ಎರಡು ಗಂಟೆ ದಾಟಿತ್ತು. ಎರಡನೇ ಬಸ್ಸಿಗೆ ಎಷ್ಟು ಹೊತ್ತು ನಿಂತೆನೋ, ನಿಲ್ದಾಣದಲ್ಲಿದ್ದ ಹೆಂಗಸು "ಯಾರಿಗಾದ್ರೂ ಹುಷಾರಿಲ್ವಾ?" ಎಂದು ಕೇಳಿದಳು. ಹೂಂ ಎಂದೆ. ಬಿಡಿಸಿ ಹೇಳುವ ತಾಳ್ಮೆ ಇರಲಿಲ್ಲ.

ನಾನು ಗೇಟು ದಾಟಿದಾಗ ಮೂರೂ ಮುಕ್ಕಾಲು. ಮೊಮ್ಮಗಳು ಮೆಟ್ಟಿಲ ಮೇಲೆ ನಿಂತಿದ್ದಳು. ಮಾತುಕತೆ ಮುಗಿದಿತ್ತು, ಚೆನ್ನಾಗಾಯಿತಂತೆ. ಕಾಗದಗಳನ್ನು ಕೈಯಿಂದ ಕಿತ್ತುಕೊಂಡು ಒಳಗೆ ನಡೆಯುತ್ತಲೇ ಒಂದೊಂದಾಗಿ ತಿರುವಿದಳು. ನನ್ನ ಹಾಳೆ ಬಂದಾಗ ನಡಿಗೆ ನಿಂತಿತು. ನನ್ನ ಅಕ್ಷರ ಅವಳಿಗೆ ಗೊತ್ತು.

"ಸೋಪ್ ಹಾಕಿಲ್ಲ ಅಂದಿದ್ದೆ."

"ಈಗ ಬರ್ದು ಕೊಟ್ಟಿದ್ದೀನಲ್ಲ. ನಡಿ, ಟೈಮಾಯ್ತು."

"ನನಗೆ ಆವಾಗ್ಲೇ ಗೊತ್ತಿತ್ತು."

"ಗೊತ್ತಿದ್ಮೇಲೆ ಯಾಕೆ ಕೇಳ್ದೆ? ನಡಿ ಅಂದ್ರೆ."

ಅಧಿಕಾರಿ ನನ್ನ ಅರ್ಜಿಯನ್ನು ಪೂರ್ತಿ ಓದಿದರು. ಪಕ್ಕದವರಿಗೂ ಕೊಟ್ಟರು, ಮೇಜಿನ ಹೆಂಗಸೂ ಬಗ್ಗಿ ಓದಿದಳು. ನನಗೆ ಅದು ಹಿಡಿಸಲಿಲ್ಲ. ಅದೇನು ಲಗ್ನಪತ್ರಿಕೆಯೇ, ಎಲ್ಲರೂ ಓದಲು?

"ಯಾರಮ್ಮಾ ಬರೆದದ್ದು?"

"ನಾನೇ."

"ಸರಿ" ಎಂದು ಕಾಗದಗಳಿಗೆ ಪಿನ್ನು ಹೊಡೆದರು. "ಹೆಸರು ಇರುತ್ತೆ. ಆದ್ರೆ ಬದಲಿ ಕಾರ್ಡ್ ಬಂದು ಸ್ಕ್ಯಾನ್ ಆಗೋವರೆಗೂ ಖಾಯಂ ಅಲ್ಲ. ಎರಡು ತಿಂಗಳು ಟೈಮ್. ಅಷ್ಟರಲ್ಲಿ ಬರ್ಲಿಲ್ಲ ಅಂದ್ರೆ ನಾನೇನೂ ಮಾಡಕ್ಕಾಗಲ್ಲ."

ಅಲ್ಲಿಗೆ ಮುಗಿಯಿತೆಂದು ನೀವು ಅಂದುಕೊಳ್ಳಬಹುದು. ನನಗೆ ಅಲ್ಲಿಂದ ಶುರುವಾಯಿತು. ಫೀಸು ಬಿಟ್ಟವರ ಕೊನೆಯ ಪಟ್ಟಿ ಬಂತು, ಅವಳ ಹೆಸರಿನ ಮುಂದೆ ಒಂದು ನಕ್ಷತ್ರದ ಗುರುತಿತ್ತು. ಮಗಳು ಅದನ್ನು ನೋಡಿ ದೊಡ್ಡ ಮರ್ಯಾದೆ ಎಂದುಕೊಂಡು ಅಕ್ಕಪಕ್ಕದವರಿಗೆ ತೋರಿಸಿದಳು. ಅದು ಖಾಯಂ ಅಲ್ಲ ಎನ್ನುವ ಗುರುತು. ಮೊಮ್ಮಗಳು ತರಗತಿಗೆ ಹೋಗತೊಡಗಿದಳು. ಹೊಸ ಪುಸ್ತಕಗಳ ಮೇಲೆ ಪೆನ್ಸಿಲಿನಲ್ಲಿ ಹೆಸರು ಬರೆದಳು, ಪೆನ್ನಿನಲ್ಲಿ ಬರೆಯಲಿಲ್ಲ. ಯಾಕೆಂದು ನಾನು ಕೇಳಲಿಲ್ಲ, ಕೇಳುವ ಮುಖ ಇರಲಿಲ್ಲ. ಗೋಡೌನಿನವರು ಅಳಿಯನಿಗೆ ಎರಡು ಸಲ ಫೋನು ಮಾಡಿದರು. ಅವನು ನನ್ನ ಕಡೆ ನೋಡಿ, "ಇನ್ನೂ ನೋಡ್ಬೇಕು ಸಾರ್" ಎಂದ.

ನಾನು ವಾರಕ್ಕೆರಡು ಸಲ ಯಲಹಂಕದ ಕಾಲೇಜಿಗೆ ಹೋದೆ. ಗುಮಾಸ್ತರು ನನ್ನನ್ನು ದೂರದಿಂದಲೇ ಕಂಡು ತಲೆ ಅಲ್ಲಾಡಿಸಲು ಕಲಿತರು. ಒಂದು ದಿನ, "ಬಂದ್ರೆ ಫೋನ್ ಮಾಡ್ತೀನಿ ಅಜ್ಜಿ, ಯಾಕ್ ಓಡಾಡ್ತೀರಾ?" ಎಂದರು. ಮನೆಯಲ್ಲಿ ಕೂತರೆ ಹಿಟ್ಟು ಕೆಡುತ್ತದೆ ಎಂದೆ. ನಿಜವಾಗಿಯೂ ಆ ಎರಡು ತಿಂಗಳು ನನ್ನ ಹಿಟ್ಟು ಸರಿಯಾಗಿ ಹುದುಗಲಿಲ್ಲ. ಅವರಿಗಾಗಿ ಒಂದು ಡಬ್ಬಿ ಹಿಟ್ಟು ತೆಗೆದುಕೊಂಡು ಹೋಗಿದ್ದೆ, ಅದೂ ಹುಳಿ ಬಂದಿರಲಿಲ್ಲ.

ಬದಲಿ ಕಾರ್ಡು ಬಂದದ್ದು ಕೊಟ್ಟ ಗಡುವಿಗೆ ಇನ್ನು ಆರು ದಿನ ಇರುವಾಗ. ಗುಮಾಸ್ತರು ನನಗೆ ಫೋನು ಮಾಡಲಿಲ್ಲ, ಮೊಮ್ಮಗಳಿಗೆ ಮಾಡಿದರು. ಅವಳು ತಾನೇ ಹೋಗಿ, ಹಾಳಾದ ಹಳೇ ಕಾರ್ಡು ಅಲ್ಲಿ ಒಪ್ಪಿಸಿ, ಹೊಸದನ್ನು ತೆಗೆದುಕೊಂಡು, ಮನೆಗೆ ಬರದೆ ನೇರ ಸೋಲದೇವನಹಳ್ಳಿಗೆ ಹೋಗಿ ಸ್ಕ್ಯಾನ್ ಮಾಡಿಸಿ, ಖಾಯಂ ಎನ್ನುವ ಕಾಗದ ತೆಗೆದುಕೊಂಡು, ಆಮೇಲೆ ಸಂಜೆ ಮನೆಗೆ ಬಂದಳು. ನಾನು ಗ್ರೈಂಡರಿನಿಂದ ಹಿಟ್ಟು ತೋಡುತ್ತಿದ್ದೆ.

"ಟಣ್ ಅಂತು ಅಜ್ಜಿ."

"ಒಂದೇ ಸಲಕ್ಕಾ?"

"ಒಂದೇ ಸಲಕ್ಕೆ."

ಅಳಿಯ ಆಗಲೇ ಮನೆಗೆ ಬಂದಿದ್ದ. ಫೋನು ತೆಗೆದುಕೊಂಡು ಹೊರಗೆ ಹೋಗಿ, ಗೋಡೌನಿನವರಿಗೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದು ಹೇಳಿ ಒಳಗೆ ಬಂದ. ಮುಖದಲ್ಲಿ ಏನೂ ತೋರಿಸಿಕೊಳ್ಳಲಿಲ್ಲ. ಕಾಫಿ ಕೇಳಿದ.

ಮೊಮ್ಮಗಳು ಕಾರ್ಡನ್ನು ದಪ್ಪ ಪ್ಲಾಸ್ಟಿಕ್ ಹೊದಿಕೆಯ ಒಳಗಿಟ್ಟಿದ್ದಳು. ನನ್ನ ಮುಂದೆ ಹಿಡಿದು ತೋರಿಸಿದಳು. ನಾಲ್ಕು ಮೂಲೆಯಲ್ಲೂ ಒಂದು ಕಲೆ ಇರಲಿಲ್ಲ. ನನ್ನ ಎರಡೂ ಕೈ ಮೊಣಕೈವರೆಗೆ ಹಿಟ್ಟು, ಮುಟ್ಟುವ ಹಾಗಿರಲಿಲ್ಲ.

"ಪ್ಲಾಸ್ಟಿಕ್ ಮೇಲೆ ಬೇಕಾದ್ರೆ ಹಚ್ಚು ಅಜ್ಜಿ" ಎಂದಳು, ನಗುತ್ತಾ.

"ಏನೂ ಬೇಡ. ದೇವರ ಗೂಡಲ್ಲೂ ಇಡ್ಬೇಡ. ನಿನ್ನತ್ರನೇ ಇಟ್ಕೊ."

ಅವಳು ಒಳಗೆ ತೆಗೆದುಕೊಂಡು ಹೋದಳು. ಎಲ್ಲಿ ಇಟ್ಟಿದ್ದಾಳೆಂದು ಇವತ್ತಿಗೂ ನನಗೆ ಹೇಳಿಲ್ಲ. ನಾನೂ ಕೇಳಿಲ್ಲ.